ಕಾರಾ-ಬುಲುಂಗ್ ಜಿಲ್ಲೆಯ ಅರವತ್ತು ಸಾವಿರ ಹಡಗುಗಳು

ಕಾರಾ-ಬುಲುಂಗ್ ಜಿಲ್ಲೆಗೆ ಸಮುದ್ರವಿಲ್ಲ. ಈ ವಿಷಯದಲ್ಲಿ ಜಿಲ್ಲಾಡಳಿತಕ್ಕೂ ಸಾರ್ವಜನಿಕರಿಗೂ ಎಂದೂ ಭಿನ್ನಾಭಿಪ್ರಾಯ ಬಂದದ್ದಿಲ್ಲ. ನಾಲ್ಕು ದಿಕ್ಕಿಗೂ ಹಿಮದ ಬೆಟ್ಟ, ನಡುವೆ ಹುಲ್ಲು, ಹುಲ್ಲಿನ ಮೇಲೆ ಕುರಿ. ಇರುವ ಒಂದೇ ಹೊಳೆಯನ್ನು ಬೇಸಿಗೆಯ ಕೊನೆಗೆ ಕೋಳಿಗಳೂ ಹೊಟ್ಟೆ ನೆನೆಸಿಕೊಳ್ಳದೆ ದಾಟುತ್ತವೆ. ಇಂಥ ಜಿಲ್ಲೆ ಇವತ್ತು ಅರವತ್ತು ಸಾವಿರ ಹಡಗುಗಳುಳ್ಳ ಬಂದರು ಪ್ರದೇಶವೆಂದು ಕಡತದಲ್ಲಿ ದಾಖಲಾಗಿದೆ. ದಾಖಲೆ ಕ್ರಮಬದ್ಧವಾಗಿದೆ. ಮೊಹರೂ ಸರಿಯಾದ ಜಾಗದಲ್ಲೇ ಬಿದ್ದಿದೆ.

ಇದಕ್ಕೆಲ್ಲ ಕಾರಣ ಒಂದು ದೀರ್ಘ ಸ್ವರ. ಆ ದೀರ್ಘವನ್ನು ಜಿಲ್ಲೆಯಲ್ಲಿ ಸರಿಯಾಗಿ ಎಳೆಯಬಲ್ಲವಳು ಜೂರಾಕಾನ್ ಒಬ್ಬಳೇ. ಎರಡನೇ ನಂಬರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದವಳು. ಚಿಕ್ಕವರು ದೊಡ್ಡವರು ಎಲ್ಲರೂ ಆಕೆಯನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಇಂಗ್ಲಿಷ್ ಮನೆಮಾತಿನವರನ್ನು ಆಕೆ ಬದುಕಿನಲ್ಲಿ ಇಬ್ಬರನ್ನು ಮಾತ್ರ ಕಂಡಿದ್ದಳು. ಅವರಲ್ಲೊಬ್ಬ ದಾರಿ ಕೇಳಿದ್ದ, ಇನ್ನೊಬ್ಬ ಕಕ್ಕಸು ಕೇಳಿದ್ದ. ಇಬ್ಬರೂ ಹೊರಡುವ ಮುಂಚೆ, "ನಿಮ್ಮ ಉಚ್ಚಾರಣೆ ಬಹಳ ಸ್ಪಷ್ಟ" ಎಂದಿದ್ದರು. ಆ ಮಾತನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಮರೆತಿರಲೂ ಇಲ್ಲ.

ಆ ವರ್ಷ ಪಕ್ಕದ ಕಣಿವೆಗೆ ಕುರಿಸಿಡುಬು ಬಂತು. ಯೂರೋಪಿನ ಒಂದು ಜಾನುವಾರು ಸಹಾಯ ಸಂಸ್ಥೆ ಲಸಿಕೆ ಕೊಡುತ್ತದೆ, ಜಿಲ್ಲೆ ಜಿಲ್ಲೆಗೂ ಬಂದು ವಿಚಾರಿಸುತ್ತದೆ ಎಂಬ ಸುದ್ದಿಯೂ ಬಂತು. ಜಿಲ್ಲೆಯ ಮುಖ್ಯಾಧಿಕಾರಿ, ಅಂದರೆ ಅಕಿಮ್, ದೋಲೋತ್‌ಬೆಕ್ ಅವರು, ಅತಿಥಿಗಳ ಮುಂದೆ ತಾವೇ ಇಂಗ್ಲಿಷಿನಲ್ಲಿ ಭಾಷಣ ಮಾಡುವುದಾಗಿ ಘೋಷಿಸಿದರು. ದುಭಾಷಿ ಬೇಡ, ದುಭಾಷಿ ಇಟ್ಟುಕೊಳ್ಳುವುದು ಪಕ್ಕದ ಜಿಲ್ಲೆಯವರ ಅಭ್ಯಾಸ ಎಂದರು. ಭಾಷಣವನ್ನು ಬರೆದು ಬಾಯಿಪಾಠ ಮಾಡಿಸುವ ಕೆಲಸ ಜೂರಾಕಾನಳ ಪಾಲಿಗೆ ಬಂತು.

ಮೂರು ವಾರ ಪಾಠ ನಡೆಯಿತು. ಉಳಿದೆಲ್ಲ ಪದಗಳೂ ಹೇಗೋ ಬಗ್ಗಿದವು. ಕುರಿ ಮಾತ್ರ ಬಗ್ಗಲಿಲ್ಲ.

"ಶೀಪ್" ಅಂದಳು ಜೂರಾಕಾನ್.

"ಶಿಪ್" ಅಂದರು ಅಕಿಮ್.

"ಎಳೀಬೇಕು ಸಾಹೇಬ್ರೇ. ಶೀ... ಶೀಪ್."

"ಅದನ್ನೇ ಅಲ್ವ ನಾನು ಹೇಳ್ತಿರೋದು? ಶಿಪ್."

ತಪ್ಪು ಅವರದಲ್ಲ. ಕಿರ್ಗಿಜ್ ಮಾತಿನಲ್ಲಿ ಆ, ಊ, ಓಗಳಿಗೆ ದೀರ್ಘ ಉಂಟು, ಇಕಾರಕ್ಕೆ ಇಲ್ಲ. ಹುಟ್ಟಿದಾಗಿನಿಂದ ಆ ಕಡೆಗೆ ಬಾಯಿ ಹೋಗಿರುವುದಿಲ್ಲ.

"ತುಟಿ ಎರಡೂ ಕಡೆ ಅಗಲಿಸಿ. ನಗೋ ಥರ."

"ನಗೋ ಥರ?" ಅಕಿಮ್ ಪುಸ್ತಕ ಮುಚ್ಚಿದರು. "ಎಜೆ, ಹದಿನೆಂಟು ವರ್ಷ ಆಯ್ತು ನಾನು ಕುರ್ಚಿ ಮೇಲೆ ಕೂತು. ವೇದಿಕೆ ಮೇಲೆ ನಾನು ನಕ್ಕರೆ ಜನ ಏನಂದ್ಕೋತಾರೆ? ನಂಗೆ ಹುಷಾರಿಲ್ಲ ಅನ್ಕೋತಾರೆ. ಇಲ್ಲಾ, ವರ್ಗ ಆಗಿದೆ ಅನ್ಕೋತಾರೆ."

"ಆದ್ರೆ ಶಿಪ್ ಅಂದ್ರೆ ಹಡಗು ಸಾಹೇಬ್ರೇ."

"ಇಲ್ಲಿ ಹಡಗೆಲ್ಲಿದೆ? ಇಲ್ದೇ ಇರೋದನ್ನ ಯಾರು ಅಂದ್ಕೋತಾರೆ?"

ಇದು ನ್ಯಾಯವಾದ ಮಾತೇ ಆಗಿತ್ತು.

ಅತಿಥಿಗಳು ಜುಲೈಯಲ್ಲಿ ಬಂದರು: ಒಬ್ಬಾಕೆ, ಇಬ್ಬರು ಗಂಡಸರು. ಕುರಿಗಳೆಲ್ಲ ಆಗ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದವು. ಊರಲ್ಲಿ ಒಂದೂ ಇರಲಿಲ್ಲ. ಅತಿಥಿಗಳು ಕಣಿವೆಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು, ಕಣ್ಣು ಮುಚ್ಚಿಕೊಂಡೇ ಬಂದಿದ್ದರು. ಸಂಸ್ಕೃತಿ ಭವನದಲ್ಲಿ ಅಕಿಮ್ ಎದ್ದು ನಿಂತು, ಬಿಳಿ ಕಲ್ಪಾಕ್ ಟೋಪಿ ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಹೀಗೆ ಹೇಳಿದರು:

"ಮಾನ್ಯರೇ, ನಮ್ಮಲ್ಲಿ ಅರವತ್ತು ಸಾವಿರ ಶಿಪ್ ಇವೆ. ನಮ್ಮ ಅಜ್ಜಂದಿರು ಶಿಪ್‌ನ ಹಿಂದೆಯೇ ನಡೆದು ಈ ನಾಡಿಗೆ ಬಂದರು. ಬೇಸಿಗೆಯಲ್ಲಿ ನಮ್ಮ ಶಿಪ್ ಬೆಟ್ಟ ಹತ್ತುತ್ತವೆ. ಚಳಿಗಾಲದಲ್ಲಿ ಅವನ್ನು ಮನೆಯ ಪಕ್ಕದಲ್ಲೇ ಬೆಚ್ಚಗೆ ಇಡುತ್ತೇವೆ. ಮಗಳ ಮದುವೆಗೆ ಶಿಪ್ ಕೊಡುತ್ತೇವೆ. ಸತ್ತವರ ಹೆಸರಲ್ಲಿ ಶಿಪ್ ತಿನ್ನುತ್ತೇವೆ. ಇವತ್ತು ನಮ್ಮ ಶಿಪ್ ಅಪಾಯದಲ್ಲಿವೆ. ಕಾಪಾಡಿ."

ಮೂರನೇ ಸಾಲಿನಲ್ಲಿ ಕುಳಿತಿದ್ದ ಜೂರಾಕಾನ್ ಪ್ರತಿ ಶಿಪ್‌ಗೂ ಒಂದು ಸಲ ಕಣ್ಣು ಮುಚ್ಚಿದಳು. ಅತಿಥಿಗಳು ಬರೆದುಕೊಂಡೇ ಬರೆದುಕೊಂಡರು. ಅವರಲ್ಲಿದ್ದ ಹೆಂಗಸಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಸಮುದ್ರ ಕಳೆದುಕೊಂಡ ಜನಾಂಗವೊಂದು ಹಡಗನ್ನು ಬಿಡದೆ ಬೆಟ್ಟಕ್ಕೆ ಹೊತ್ತು ತಂದ ಕತೆಯನ್ನು ಆಕೆ ಎಲ್ಲೂ ಕೇಳಿರಲಿಲ್ಲವಂತೆ.

ಆಗಸ್ಟಿನಲ್ಲಿ ಪತ್ರ ಬಂತು. ಸಂಸ್ಥೆ ವಿನಯದಿಂದ ತಿಳಿಸಿತ್ತು: ತಾವು ಜಾನುವಾರುಗಳನ್ನು ಮಾತ್ರ ನೋಡಿಕೊಳ್ಳುವವರು, ಸದರಿ ಜಿಲ್ಲೆಯಲ್ಲಿ ಜಾನುವಾರುಗಳ ಪ್ರಸ್ತಾಪವೇ ಬರಲಿಲ್ಲವಾದ್ದರಿಂದ ಕಡತವನ್ನು ನೌಕಾ ವ್ಯವಹಾರಗಳ ಸೋದರ ಸಂಸ್ಥೆಗೆ ವರ್ಗಾಯಿಸಲಾಗಿದೆ. ಆ ಸೋದರ ಸಂಸ್ಥೆಯ ಪತ್ರವೂ ಅದೇ ಲಕೋಟೆಯಲ್ಲಿತ್ತು. ಅವರಿಗೆ ಬಹಳ ಸಂತೋಷವಾಗಿತ್ತು. ನಲವತ್ತು ಪುಟದ ಪ್ರಶ್ನಾವಳಿ ಕಳಿಸಿದ್ದರು.

ಜೂರಾಕಾನಳ ತಮ್ಮ ಜೆಕ್ಷೆನ್ ಇನ್ನೂರ ಹತ್ತು ಕುರಿಗಳ ಒಡೆಯ. ಪತ್ರದ ಸುದ್ದಿ ಕೇಳಿ ಹುಲ್ಲುಗಾವಲಿನಿಂದ ಕುದುರೆ ಮೇಲೆ ಇಳಿದು ಬಂದ.

"ಎಜೆ, ಒಂದು ಕಾಗದ ಬರಿ. 'ತಪ್ಪಾಯ್ತು, ಕುರಿ ಅಂತ ಓದ್ಕೊಳ್ಳಿ' ಅಂತ. ಎರಡು ಸಾಲು. ಅಷ್ಟೇ ತಾನೆ?"

"ಅಷ್ಟೇ ಕಣೋ" ಎಂದಳು ಆಕೆ. ಹಾಗೆಂದು ನಂಬಿಯೇ ಮಾರನೇ ದಿನ ಅಕಿಮ್ ಕಚೇರಿಯ ಸಭೆಗೆ ಹೋದಳು.

ಸಭೆಯಲ್ಲಿ ಎರಡು ಸಾಲಿನ ಮಾತೆತ್ತಿದ್ದೇ ತಡ, ಕಾರ್ಯದರ್ಶಿ ನೂರ್‌ಮಾಂಬೆತ್ ಪೆನ್ನು ಕೆಳಗಿಟ್ಟ.

"ಎಜೆ, ಅಕಿಮ್ ಸಾಹೇಬರು ತಪ್ಪು ಹೇಳಿದ್ರು ಅಂತೀರಾ?"

"ತಪ್ಪಲ್ಲಪ್ಪ, ಸ್ವಲ್ಪ ಚಿಕ್ಕದಾಗಿ ಹೇಳಿದ್ರು."

"ಅಂದ್ರೆ ಎಷ್ಟು ಚಿಕ್ಕದು?"

"ಒಂದು ಮಾತ್ರೆ."

"ಮಾತ್ರೆ ಕಡಿಮೆಯಾಗಿದ್ದಕ್ಕೆ ಯಾರು ಹೊಣೆ? ಹೇಳಿಕೊಟ್ಟವರೋ, ಹೇಳಿದವರೋ?"

ಅಕಿಮ್ ಅವರಿಗೆ ಕೋಪವೇನೂ ಬರಲಿಲ್ಲ. ಅವರು ನಿಯಮದ ಮನುಷ್ಯ. ಉಚ್ಚಾರಣಾ ತನಿಖಾ ಸಮಿತಿಯೊಂದನ್ನು ಅಲ್ಲೇ ರಚಿಸಿದರು: ಪಶುವೈದ್ಯ, ಲೆಕ್ಕಾಧಿಕಾರಿ, ಸಂಸ್ಕೃತಿ ಭವನದ ಅಕಾರ್ಡಿಯನ್ ವಾದಕ. ಮೂವರಿಗೂ ಇಂಗ್ಲಿಷ್ ಬರುತ್ತಿರಲಿಲ್ಲವಾದ್ದರಿಂದ ನಿಷ್ಪಕ್ಷಪಾತದ ಬಗ್ಗೆ ಅನುಮಾನವಿರಲಿಲ್ಲ. ಭಾಷಣದ ಧ್ವನಿಮುದ್ರಣವನ್ನು ಸಮಿತಿ ಹನ್ನೊಂದು ದಿನ ಆಲಿಸಿ ವರದಿ ಕೊಟ್ಟಿತು:

"ಸದರಿ ಪದವನ್ನು ಅಕಿಮ್ ಅವರು ಗಟ್ಟಿಯಾಗಿ, ಸ್ಪಷ್ಟವಾಗಿ, ಟೋಪಿ ಧರಿಸಿ ಉಚ್ಚರಿಸಿರುವುದು ಕಂಡುಬಂದಿದೆ. ಉಚ್ಚಾರಣೆಯಲ್ಲಿ ಲೋಪವಿಲ್ಲ. ಉಚ್ಚಾರಣೆಗೂ ವಸ್ತುಸ್ಥಿತಿಗೂ ವ್ಯತ್ಯಾಸವಿದ್ದಲ್ಲಿ ವಸ್ತುಸ್ಥಿತಿಯನ್ನು ಸರಿಪಡಿಸತಕ್ಕದ್ದು."

ವರದಿಯ ಕೆಳಗೆ ಭಾಷಾತಜ್ಞರ ಸಹಿ ಬೇಕಿತ್ತು. ಜಿಲ್ಲೆಯಲ್ಲಿ ಭಾಷಾತಜ್ಞೆ ಎಂದರೆ ಜೂರಾಕಾನ್. ಕಾರ್ಯದರ್ಶಿ ಕಾಗದದ ಜೊತೆ ಇನ್ನೊಂದು ಸುದ್ದಿಯನ್ನೂ ತಂದಿದ್ದ: ಮುಂದಿನ ವರ್ಷದಿಂದ ಎರಡನೇ ನಂಬರಿನ ಶಾಲೆಯಲ್ಲಿ ಇಂಗ್ಲಿಷಿನ ಬದಲು ಹೊಲಿಗೆ ಕಲಿಸುವ ಯೋಚನೆಯಿದೆ, ಇನ್ನೂ ತೀರ್ಮಾನವಾಗಿಲ್ಲ. ಆಕೆ ಸಹಿ ಹಾಕಿದಳು. ಹಾಕುವಾಗ ತನ್ನ ಹೆಸರಿನ ನಡುವಿನ ದೀರ್ಘವನ್ನು ಬೇಕೆಂದೇ ಉದ್ದಕ್ಕೆ ಎಳೆದಳು. ಅದನ್ನು ಯಾರೂ ಗಮನಿಸಲಿಲ್ಲ.

ಹೀಗೆ ಜಿಲ್ಲೆಗೊಂದು ಬಂದರು ಕಚೇರಿ ಬಂತು. ಅಧಿಕಾರಿಯಾಗಿ ಬೆಯ್ಶೆನಾಲಿ ಮುದುಕನನ್ನು ನೇಮಿಸಿದರು. ಸೋವಿಯೆತ್ ಕಾಲದಲ್ಲಿ ಮೂರು ವರ್ಷ ಉತ್ತರದ ನೌಕಾಪಡೆಯಲ್ಲಿ ಆಲೂಗಡ್ಡೆ ಸುಲಿದವನು; ಆಲೂಗಡ್ಡೆಯ ರಾಶಿಯ ಸಂದಿಯಿಂದ ಒಂದೆರಡು ಸಲ ನಿಜವಾದ ಸಮುದ್ರವನ್ನು ನೋಡಿದ್ದ. ಬೇಲಿಗೆ ಸುತ್ತೋಲೆ ಅಂಟಿಸಿದರು:

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ನಾಲ್ಕು ಕಾಲಿನ, ಉಣ್ಣೆಯುಳ್ಳ, ಮೇಯುವ ಸ್ವಭಾವದ ಪ್ರತಿಯೊಂದನ್ನೂ ಹಡಗು ಎಂದೇ ನಮೂದಿಸತಕ್ಕದ್ದು. ಒಂದು ವರ್ಷ ತುಂಬದ್ದನ್ನು ದೋಣಿ ಎನ್ನತಕ್ಕದ್ದು. ಟಗರುಗಳ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು. ಬಂದರು ಕಚೇರಿಯ ಹವಾಮಾನ ಚೀಟಿಯಿಲ್ಲದೆ ಯಾವ ಹಡಗೂ ಹಟ್ಟಿ ಬಿಡಕೂಡದು. ಮದುವೆ, ಹಬ್ಬ, ಸಾವಿನೂಟಗಳಿಗೆ ಹಡಗು ಒಡೆಯಬಯಸುವವರು ಏಳು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ತೋಳ ಹಿಡಿದದ್ದನ್ನು 'ಅಪಘಾತದಲ್ಲಿ ಮುಳುಗಿದ್ದು' ಎಂದು ಬರೆಯತಕ್ಕದ್ದು. ತೋಳ ಎಂಬ ಪದವನ್ನು ಬಳಸಕೂಡದು."

ಜನ ಗಲಾಟೆ ಮಾಡಲಿಲ್ಲ. ಅವರ ಬೀದಿಗಳಿಗೆ ಮೂರು ಸಲ, ರಜಾದಿನಗಳಿಗೆ ಎರಡು ಸಲ ಹೆಸರು ಬದಲಾಗಿತ್ತು. ಕುರಿಯೊಂದೇ ಉಳಿದಿತ್ತು, ಅದೂ ಆಯಿತು ಅಂದುಕೊಂಡರು. ಮೊದಲ ವಾರದಲ್ಲೇ ಒಬ್ಬ, "ನಮ್ಮ ತಂದೆಯವರ ನಲವತ್ತನೇ ದಿನದ ಸಾವಿನೂಟಕ್ಕೆ ಎರಡು ಹಡಗು ಬೇಯಿಸಲು ಅನುಮತಿ ಕೋರಿ" ಅರ್ಜಿ ಹಾಕಿದ. ಬೆಯ್ಶೆನಾಲಿ ಮನುಷ್ಯತ್ವದ ಮೇಲೆ ಒಂದೇ ದಿನದಲ್ಲಿ ಮಂಜೂರು ಮಾಡಿದ. ಪಾಪ, ಅವನನ್ನೂ ಊಟಕ್ಕೆ ಕರೆದಿದ್ದರು.

ಪ್ರಶ್ನಾವಳಿ ತುಂಬಲು ಬೆಯ್ಶೆನಾಲಿಯೂ ಜೂರಾಕಾನಳೂ ಒಂದು ವಾರ ಕೂತರು.

"'ಇಂಧನ ಯಾವುದು?'" ಆಕೆ ಓದಿದಳು.

"ಹುಲ್ಲು ಅಂತ ಬರಿಯಮ್ಮ. ಸುಳ್ಳು ಯಾಕೆ ಹೇಳೋದು."

"'ಒಂದು ಹಡಗು ಎಷ್ಟು ಜನರನ್ನು ಹೊರಬಲ್ಲದು?'"

ಮುದುಕ ಗಡ್ಡ ಕೆರೆದುಕೊಂಡ. "ಹೊರೋದಿಲ್ಲ. ಆದ್ರೆ ಹದಿನೈದು ಜನಕ್ಕೆ ಸಾಕಾಗತ್ತೆ. ಹಸಿದಿದ್ರೆ ಹನ್ನೆರಡು."

ಹನ್ನೆರಡರಿಂದ ಹದಿನೈದು ಎಂದು ಬರೆದಳು. ಕೊನೆಯ ಪುಟದಲ್ಲಿ 'ತುರ್ತು ಅಗತ್ಯಗಳು' ಎಂಬ ಕಡೆ, ಲಸಿಕೆ, ಲಸಿಕೆ, ಲಸಿಕೆ ಎಂದು ಮೂರು ಸಲ ಬರೆದಳು. ಕಾರ್ಯದರ್ಶಿ ಅದನ್ನು ನೋಡಿ, ಹಡಗಿಗೆ ಲಸಿಕೆ ಕೇಳುವುದು ಜಿಲ್ಲೆಯ ಮರ್ಯಾದೆಗೆ ತಕ್ಕುದಲ್ಲವೆಂದು ಹೊಡೆದುಹಾಕಿ, 'ಬಣ್ಣ' ಎಂದು ತಿದ್ದಿದ.

ಅಕ್ಟೋಬರಿನಲ್ಲಿ ಸಾಮಾನು ಬಂತು. ಎರಡು ಲಾರಿ ತುಂಬ ತುಕ್ಕು ತಡೆಯುವ ಕೆಂಪು ಬಣ್ಣ, ಒಂದು ಲಾರಿ ತುಂಬ ಕಿತ್ತಳೆ ಬಣ್ಣದ ತೇಲುವ ಅಂಗಿಗಳು, ಮಂಜಿನಲ್ಲಿ ಊದುವ ಒಂದು ದೊಡ್ಡ ಕಹಳೆ. ಎಲ್ಲವನ್ನೂ ಸಮನಾಗಿ ಹಂಚಲಾಯಿತು. ತೇಲುವ ಅಂಗಿ ಬಹಳ ಬೆಚ್ಚಗಿರುತ್ತದೆಂದು ಮುದುಕಿಯರು ಹೊಗಳಿದರು. ಕಹಳೆಯನ್ನು ಅಕಿಮ್ ಅವರ ಮಗಳ ಮದುವೆಯಲ್ಲಿ ಊದಿದರು.

ಅದೇ ತಿಂಗಳು ಸಿಡುಬು ಕಣಿವೆ ದಾಟಿತು.

ಜೆಕ್ಷೆನ್‌ನ ಹಟ್ಟಿಯಲ್ಲಿ ಮೊದಲ ದಿನ ನಾಲ್ಕು ಸತ್ತವು, ನಾಲ್ಕನೇ ದಿನಕ್ಕೆ ಹತ್ತೊಂಬತ್ತು. ಮೂಗು, ಕಣ್ಣು, ಬಾಲದ ಬುಡದಲ್ಲೆಲ್ಲ ಗುಳ್ಳೆ. ಅವನು ಸತ್ತವನ್ನು ಸುಡುತ್ತ, ಉಳಿದವನ್ನು ಬೇರೆ ಮಾಡುತ್ತ, ಊಟ ನಿದ್ದೆ ಬಿಟ್ಟಿದ್ದ. ಅವುಗಳಲ್ಲಿ ಅವನ ಹೆಂಡತಿ ಸೋನುನ್‌ಬು ತವರಿನಿಂದ ತಂದ ಕುರಿಯ ಮೊಮ್ಮಕ್ಕಳಿದ್ದವು; ಅವಳು ಒಂದೊಂದರ ಹೆಸರು ಹೇಳಿ ಅಳುತ್ತಿದ್ದಳು. ಅವನು ಪರಿಹಾರಕ್ಕೆ ಬಂದರು ಕಚೇರಿಗೆ ಹೋದರೆ ನಮೂನೆಯೊಂದನ್ನು ಕೊಟ್ಟರು. ಅದನ್ನು ಹಿಡಿದು ನೇರ ಅಕ್ಕನ ತರಗತಿಗೇ ನುಗ್ಗಿದ.

"ಓದು ಎಜೆ. ನೀನೇ ಓದು. 'ಮುಳುಗಿದ ಸ್ಥಳದಲ್ಲಿ ನೀರಿನ ಆಳ ಎಷ್ಟು?' ಏನು ಬರೀಲಿ ನಾನು?"

"ಜೆಕ್ಷೆನ್, ಮಕ್ಕಳಿದ್ದಾರೆ..."

"ಕೇಳಲಿ! ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸ್ದೆ. ಊರಿಗೆಲ್ಲ ಕಲಿಸ್ದೆ. ಒಂದು ಕುರಿ ಅನ್ನೋ ಮಾತು ಹೇಳಿಸೋಕೆ ಆಗ್ಲಿಲ್ಲ ನಿನ್ ಕೈಲಿ. ಮೇಲಿಂದ ಸರಿ ಇದೆ ಅಂತ ಸಹಿ ಬೇರೆ!"

ಅವನು ಹೋದ ಮೇಲೆ ಆಕೆ ಕರಿಹಲಗೆಯ ಕಡೆ ತಿರುಗಿ ಬರೆದದ್ದನ್ನೆಲ್ಲ ಒರೆಸಿದಳು. ಮಕ್ಕಳು ಪಾಠ ಮುಗಿಯಿತೆಂದು ತಿಳಿದು ಸದ್ದಿಲ್ಲದೆ ಎದ್ದು ಹೋದರು.

ನವೆಂಬರ್ ಮೊದಲ ವಾರ ನೌಕಾ ಸಂಸ್ಥೆಯ ತನಿಖಾಧಿಕಾರಿ ಬರುವವರಿದ್ದರು. ಆ ದಿನ ಮಾತಾಡಿಯೇ ತೀರುವುದೆಂದು ಜೂರಾಕಾನ್ ನಿಶ್ಚಯಿಸಿದಳು. ಬೇಕಾದರೆ ಹೊಲಿಗೆ ಕಲಿಸಲಿ.

ಬಂದವರು ಉತ್ತರದ ಯಾವುದೋ ದೇಶದ ಮುದಿ ಕ್ಯಾಪ್ಟನ್. ಎತ್ತರದ ಆಳು, ಚಿನ್ನದ ಗುಂಡಿಯ ಕೋಟು. ಮೊದಲು ಊಟ. ಹಿರಿಯ ಅತಿಥಿಗೆ ಸಲ್ಲಬೇಕಾದ ಬೇಯಿಸಿದ ತಲೆಯನ್ನು ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದು, "ಇದು ಹಡಗಿನ ಮುಂಭಾಗ" ಎಂದು ಕಾರ್ಯದರ್ಶಿ ಪರಿಚಯಿಸಿದ. ಕ್ಯಾಪ್ಟನ್ ಗಂಭೀರವಾಗಿ ತಲೆಬಾಗಿ ಒಂದು ಕಿವಿ ತಿಂದರು. ಆಮೇಲೆ ಹಡಗು ನೋಡಬೇಕೆಂದರು. ಹತ್ತಿರದ ಬಂದರು ಎಂದರೆ ಜೆಕ್ಷೆನ್‌ನ ಹಟ್ಟಿ.

ನೂರ ನಲವತ್ತು ಕುರಿಗಳು ಉಳಿದಿದ್ದವು. ಕ್ಯಾಪ್ಟನ್ನರ ಹಿಂದೆ ಅಕಿಮ್, ಕಾರ್ಯದರ್ಶಿ, ಬೆಯ್ಶೆನಾಲಿ ನಿಂತಿದ್ದರು. ಅವರಲ್ಲಿ ಯಾರಿಗೂ ಇಂಗ್ಲಿಷ್ ತಿಳಿಯದು ಎಂಬ ಧೈರ್ಯದಲ್ಲಿ ಜೂರಾಕಾನ್ ಮುಂದೆ ಬಂದು, ನಿಚ್ಚಳವಾಗಿ ಹೇಳಿದಳು:

"ಕ್ಯಾಪ್ಟನ್, ಇವು ಶಿಪ್ ಅಲ್ಲ. ಶೀಪ್. ಆವತ್ತು ಹೇಳಿದ್ದೇ ತಪ್ಪು. ಅದು ಸರಿ ಅಂತ ನಾನು ಸಹಿ ಹಾಕಿದ್ದು ಇನ್ನೂ ದೊಡ್ಡ ತಪ್ಪು. ಇವು ಸಾಯ್ತಿವೆ."

ಕ್ಯಾಪ್ಟನ್ ಬೇಲಿಯೊಳಗೆ ಕೈಹಾಕಿ ಒಂದು ಕುರಿಯ ತುಟಿ ಎತ್ತಿ ನೋಡಿದರು. ಪಳಗಿದ ಕೈ.

"ಗೊತ್ತು ತಾಯಿ" ಎಂದರು. "ನಮ್ಮಪ್ಪನ ಹತ್ರ ಇನ್ನೂರಿದ್ವು. ಕಾರಿಂದ ಇಳೀತಿದ್ದ ಹಾಗೇ ಗೊತ್ತಾಯ್ತು."

"ಹಾಗಾದ್ರೆ ವರದಿಯಲ್ಲಿ ಬರೀರಿ!"

"ಎಲ್ಲಿ ಬರೀಲಿ?" ಅವರು ತಮ್ಮ ಕಾಗದಗಳನ್ನು ತೋರಿಸಿದರು. "ಇದರಲ್ಲಿ ಕುರಿಗೆ ಅಂಕಣ ಇಲ್ಲ. ಇವು ಕುರಿ ಅಂತ ಬರೆದ್ರೆ ನಾನಿಲ್ಲಿ ಯಾರೂ ಅಲ್ಲ, ಟೋಪಿ ಹಾಕ್ಕೊಂಡು ವಾಪಸ್ ಹೋಗ್ಬೇಕು. ಕಡತ ಜಾನುವಾರು ಸಂಸ್ಥೆಗೆ ಹೋಗತ್ತೆ, ಅವರು ಮುಂದಿನ ಬೇಸಿಗೆಗೆ ಮತ್ತೆ ಬಂದು ಭಾಷಣ ಕೇಳ್ತಾರೆ." ದನಿ ತಗ್ಗಿಸಿದರು. "ಹಡಗು ಅಂತ ಬರೆದ್ರೆ ಇಪ್ಪತ್ತೊಂದನೇ ಕಂಡಿಕೆ ಇದೆ. 'ಹಡಗಿನಲ್ಲಿ ಸಾಂಕ್ರಾಮಿಕ ಕಂಡುಬಂದಲ್ಲಿ ಒಂಬತ್ತು ದಿನದೊಳಗೆ ಬೇಕಾದ ಲಸಿಕೆ ಒದಗಿಸತಕ್ಕದ್ದು.' ಯಾರಿಗೆ ಚುಚ್ಚಬೇಕು ಅಂತ ಕಂಡಿಕೆ ಹೇಳಲ್ಲ. ಈಗ ನೀವೇ ಹೇಳಿ ತಾಯಿ. ಇವು ಏನು?"

ಜೂರಾಕಾನ್ ಬೇಲಿಯಾಚೆ ನೋಡಿದಳು. ಜೆಕ್ಷೆನ್ ಒಂದು ಮರಿಯನ್ನು ಎದೆಗೊತ್ತಿಕೊಂಡು, ಅರ್ಥವಾಗದ ಭಾಷೆಯನ್ನು ಬಾಯಿಬಿಟ್ಟು ಕೇಳುತ್ತಿದ್ದ.

"ಶಿಪ್" ಎಂದಳು.

"ಚೆನ್ನಾಗಿವೆ" ಎಂದು ಕ್ಯಾಪ್ಟನ್ ಬರೆದುಕೊಂಡರು. "ಒಂದರಲ್ಲೂ ನೀರು ಸೋರಿಲ್ಲ."

ಎಂಟನೇ ದಿನಕ್ಕೆ ಲಸಿಕೆ ಬಂತು. ಪೆಟ್ಟಿಗೆಗಳ ಮೇಲೆ ಲಂಗರಿನ ಚಿತ್ರವಿತ್ತು. ಪಶುವೈದ್ಯ ಹಟ್ಟಿ ಹಟ್ಟಿಗೆ ಹೋಗಿ ಚುಚ್ಚಿದ. ಹಿಮ ಬೀಳುವಷ್ಟರಲ್ಲಿ ಸಾವು ನಿಂತಿತು. ಜೆಕ್ಷೆನ್‌ನಲ್ಲಿ ನೂರ ಮೂವತ್ತೆರಡು ಉಳಿದವು. ಒಂದು ದಿನ ಬಂದು, ಬಾಗಿಲಲ್ಲೇ ನಿಂತು, ಒಂದು ಚರ್ಮದ ಚೀಲ ಬೆಣ್ಣೆ ಕೊಟ್ಟು, "ಅವತ್ತು ತರಗತೀಲಿ ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಎಜೆ" ಎಂದ. "ಅಂದಿದ್ದು ಸರಿಯಾಗೇ ಇತ್ತು ಕಣೋ, ಒಳಗೆ ಬಾ, ಚಹಾ ಆರೋಗತ್ತೆ" ಎಂದಳು ಆಕೆ.

ಅಕಿಮ್ ದೋಲೋತ್‌ಬೆಕ್ ಅವರಿಗೆ ರಾಜಧಾನಿಗೆ ಬಡ್ತಿಯಾಯಿತು. ನೌಕಾ ವಿಷಯಗಳಲ್ಲಿ ಅನುಭವವಿದ್ದ ಅಧಿಕಾರಿ ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವರ ಜಾಗಕ್ಕೆ ಎರ್ಮೆಕ್ ಎಂಬ ತರುಣ ಬಂದ. ಎರಡು ವರ್ಷ ಇಂಗ್ಲೆಂಡಿನಲ್ಲಿ ಓದಿದವನು, ಲಂಚ ಮುಟ್ಟದವನು, ಎಲ್ಲವನ್ನೂ ನೆಟ್ಟಗೆ ಮಾಡಬೇಕೆಂಬ ಹುಮ್ಮಸ್ಸಿನವನು. ವಸಂತದಲ್ಲಿ, ಎರಡನೇ ಸುತ್ತಿನ ಲಸಿಕೆಗೆ ಬೇಡಿಕೆ ಕಳಿಸುವ ಸಭೆ ಸೇರಿತು. ಸಂಸ್ಕೃತಿ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೌಕಾ ಸಂಸ್ಥೆಗೆ ಹೋಗುವ ಪತ್ರವನ್ನು ಎರ್ಮೆಕ್ ಎದ್ದು ನಿಂತು ಗಟ್ಟಿಯಾಗಿ ಓದಿದ.

"...ನಮ್ಮ ಜಿಲ್ಲೆಯ ಅರವತ್ತು ಸಾವಿರ ಶೀಪ್..."

ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಇರ್ಲಿ ಬಿಡ್ರೋ, ಹುಡುಗ ಹೊಸಬ" ಎಂದ ಬೆಯ್ಶೆನಾಲಿ. ಎದ್ದು ನಿಂತು, ತೇಲುವ ಅಂಗಿಯ ಗುಂಡಿ ಹಾಕಿಕೊಂಡು, ಪ್ರೀತಿಯಿಂದಲೇ ಹೇಳಿದ: "ಮಗಾ, ತಪ್ಪು ತಿಳೀಬೇಡ. ನಮ್ಮಲ್ಲಿ ಹಾಗನ್ನಲ್ಲ. ಶಿಪ್ ಅಂತೀವಿ."

"ಆದ್ರೆ ಅಜ್ಜ, ಇಂಗ್ಲಿಷಲ್ಲಿ..."

"ಇಂಗ್ಲಿಷಲ್ಲೇ ಹೇಳ್ತಿರೋದು" ಎಂದ ಜೆಕ್ಷೆನ್, ಕಲ್ಪಾಕ್ ತೆಗೆದು ಮಂಡಿಯ ಮೇಲಿಟ್ಟುಕೊಂಡು. "ಬೇಕಿದ್ರೆ ನಮ್ಮಕ್ಕನ್ನ ಕೇಳಿ. ಅವಳು ಸಹಿ ಹಾಕಿದಾಳೆ."

ನಾನೂರು ಜನ ತಿರುಗಿ ಜೂರಾಕಾನಳನ್ನು ನೋಡಿದರು. ಎರ್ಮೆಕ್ ಕೂಡ ನೋಡಿದ, ಗುರುವಿನ ಮುಂದೆ ನಿಂತ ಹುಡುಗನ ಹಾಗೆ, ನ್ಯಾಯ ಸಿಗುತ್ತದೆಂಬ ನಂಬಿಕೆಯಿಂದ.

ಇಪ್ಪತ್ತಾರು ವರ್ಷದಲ್ಲಿ ಆ ಪದವನ್ನು ಅಷ್ಟು ಸರಿಯಾಗಿ ಬೇರೊಬ್ಬರ ಬಾಯಲ್ಲಿ ಈ ಊರಿನಲ್ಲಿ ಆಕೆ ಕೇಳಿದ್ದು ಅದೇ ಮೊದಲು. ಆ ಈಕಾರ ಎಷ್ಟು ಬೇಕೋ ಅಷ್ಟೇ ಉದ್ದವಿತ್ತು. ಇನ್ನೊಂದು ಸಲ ಹೇಳಪ್ಪ ಎಂದು ಕೇಳುವ ಆಸೆಯಾಯಿತು.

"ಹ್ರಸ್ವ, ಸಾಹೇಬ್ರೇ" ಎಂದಳು.

ಎರ್ಮೆಕ್‌ನ ಕಿವಿ ಕೆಂಪಾಯಿತು. ಕ್ಷಮೆ ಕೇಳಿ, ಜೇಬಿನಿಂದ ಪೆನ್ನು ತೆಗೆದು ಪತ್ರದಲ್ಲಿ ತಿದ್ದಿಕೊಂಡ. ತಿದ್ದಿ ಗಟ್ಟಿಯಾಗಿ ಓದಿ ನೋಡಿದ. ಮೊದಲೆರಡು ಸಲ ನಾಲಿಗೆ ಹಳೆಯ ಅಭ್ಯಾಸಕ್ಕೆ ಎಳೆಯಿತು. ಮೂರನೆಯ ಸಲಕ್ಕೆ ಸರಿ ಬಂತು. ಸಭೆ ಚಪ್ಪಾಳೆ ತಟ್ಟಿತು. ಜೂರಾಕಾನಳೂ ತಟ್ಟಿದಳು.